ಅಧ್ಯಕ್ಷನ ಚುನಾವಣೆ: ಜನರ ವೋಟೂ ನಿರ್ವಾಚಕರ ವೋಟೂ

ಚುನಾವಣೆಯಲ್ಲಿ ಹೆಚ್ಚು ವೋಟು ಪಡೆದವನು ಗೆಲ್ಲುತ್ತಾನೆ, ಕಡಮೆ ಪಡೆದವನು ಸೋಲುತ್ತಾನೆ ಎಂಬುದು ನಮಗೆಲ್ಲ ಎಷ್ಟು ಸಹಜವಾದ ಮಾತೆಂದರೆ, ಅದನ್ನು ಯಾರಾದರೂ ವಿವರಿಸಹೊರಟರೆ ಕೇಳುವವರು ನಕ್ಕಾರು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ದೇಶದ ಅತ್ಯುನ್ನತ ಪದವಿಯ ಚುನಾವಣೆಯಲ್ಲಿಯೇ, ಈ ಮಾತು ಐದು ಸಲ ಸುಳ್ಳಾಗಿದೆ. ೧೮೨೪, ೧೮೭೬, ೧೮೮೮, ೨೦೦೦, ೨೦೧೬ — ಈ ಐದು ವರ್ಷಗಳಲ್ಲಿಯೂ ಹೆಚ್ಚು ಮಂದಿಯ ವೋಟು ಒಬ್ಬರಿಗೆ ಬಂದಿತು. ಅಧ್ಯಕ್ಷ ಪದವಿ ಮತ್ತೊಬ್ಬರಿಗೆ ಹೋಯಿತು. ಕಡೆಯ ಸಲ, ಎಂದರೆ ೨೦೧೬ರಲ್ಲಿ, ಸೋತವರಾದ ಹಿಲರಿ ಕ್ಲಿಂಟನ್ನರಿಗೆ ಗೆದ್ದವರಾದ ಡಾನಲ್ಡ್ ಟ್ರಂಪರಿಗಿಂತ ೨೮ ಲಕ್ಷದ ೬೮ ಸಾವಿರ ವೋಟುಗಳು ಹೆಚ್ಚಾಗಿದ್ದುವು. ಇಷ್ಟಾದರೂ ಕಾನೂನಿನ ದೃಷ್ಟಿಯಲ್ಲಿ ಲೋಪವೇನೂ ಇರಲಿಲ್ಲ. ಇದು ಹೇಗೆ ಸಾಧ್ಯವಾಗುತ್ತದೆಂಬುದನ್ನು ಇಂದು ಸ್ವಲ್ಪ ವಿಚಾರಮಾಡೋಣ.

ಮೊದಲು ತಿಳಿಯಬೇಕಾದ ಸಂಗತಿ ಇದು: ಅಮೆರಿಕದ ಮತದಾರನು ನವಂಬರು ತಿಂಗಳಲ್ಲಿ ಮತಗಟ್ಟೆಗೆ ಹೋದಾಗ, ಕಾನೂನಿನ ಪ್ರಕಾರ ಅವನು ಅಧ್ಯಕ್ಷನನ್ನು ಆರಿಸುವುದೇ ಇಲ್ಲ. ಅಧ್ಯಕ್ಷನನ್ನು ಆರಿಸತಕ್ಕ ಕೆಲವು ಮಂದಿ ನಿರ್ವಾಚಕರನ್ನು ತನ್ನ ಸಂಸ್ಥಾನದ ಪರವಾಗಿ ಆರಿಸುತ್ತಾನೆ. (ಸಂಸ್ಥಾನವೆಂದರೆ ದೊರೆಗಳಾಳುವ ಸಂಸ್ಥಾನವೆಂದು ಶ್ರೋತೃಗಳು ಭಾವಿಸಬಾರದು; ನಾವು ರಾಜ್ಯವೆನ್ನುವುದಕ್ಕೆ ಸಮನಾದ ಭಾಗವೆಂದೇ ಅರ್ಥ. ಅಂಥವು ಅಲ್ಲಿ ಐವತ್ತಿವೆ.) ಒಂದೊಂದು ಸಂಸ್ಥಾನಕ್ಕೂ ಎಷ್ಟು ಮಂದಿ ನಿರ್ವಾಚಕರೆಂದರೆ, ಆ ಸಂಸ್ಥಾನದಿಂದ ಕಾಂಗ್ರೆಸ್ಸೆಂಬ ಕೇಂದ್ರ ಶಾಸನಸಭೆಯ ಎರಡು ಅಂಗಗಳಿಗೂ ಹೋಗತಕ್ಕ ಸದಸ್ಯರೆಷ್ಟೋ ಅಷ್ಟು. ಪ್ರತಿನಿಧಿ ಸಭೆಯ ಸ್ಥಾನಗಳು ೪೩೫; ಅವನ್ನು ಜನಸಂಖ್ಯೆಗೆ ಅನುಗುಣವಾಗಿ ಹಂಚಿದೆ. ಸೆನೆಟ್ ಸಭೆಯ ಸ್ಥಾನಗಳು ೧೦೦. ಅವನ್ನು ಹಂಚುವಾಗ ಜನಸಂಖ್ಯೆಯನ್ನು ನೋಡುವುದಿಲ್ಲ, ದೊಡ್ಡದಾಗಲಿ ಚಿಕ್ಕದಾಗಲಿ ಒಂದೊಂದು ಸಂಸ್ಥಾನಕ್ಕೂ ಎರಡೆರಡೇ. ಯಾವ ಸಂಸ್ಥಾನಕ್ಕೂ ಸೇರದ ರಾಜಧಾನಿ ವಾಷಿಂಗ್ಟನ್ ನಗರಕ್ಕೆ ೧೯೬೧ರ ತಿದ್ದುಪಡಿಯಿಂದ ಮೂರು ನಿರ್ವಾಚಕರು ದೊರೆತರು. ಒಟ್ಟು ೫೩೮. ಇದರ ಅರ್ಧಕ್ಕೆ ಮೇಲೊಂದು, ಎಂದರೆ ೨೭೦, ಯಾರಿಗೆ ಬರುತ್ತದೆಯೋ ಅವರು ಅಧ್ಯಕ್ಷರು. ಇವರನ್ನು ನಿರ್ವಾಚಕ ಮಂಡಲಿಯೆಂದು ಕರೆಯುವುದು ರೂಢಿಯಾಗಿದ್ದರೂ, ಈ ೫೩೮ ಮಂದಿ ಎಂದೂ ಒಂದು ಕಡೆ ಸೇರುವುದಿಲ್ಲ. ಡಿಸೆಂಬರಿನಲ್ಲಿ ಒಂದೇ ದಿನ, ತಮ್ಮ ತಮ್ಮ ಸಂಸ್ಥಾನದ ರಾಜಧಾನಿಯಲ್ಲಿ ಕಲೆತು, ವೋಟು ಬರೆದು, ಲಕೋಟೆಗೆ ಮೊಹರು ಮಾಡಿ ಕಳುಹಿಸಿ, ಮನೆಗೆ ಹೋಗುತ್ತಾರೆ. ಜನವರಿ ೬ರಂದು ಕಾಂಗ್ರೆಸ್ಸಿನ ಎದುರಿಗೆ ಆ ಲಕೋಟೆಗಳನ್ನು ಒಡೆದು ಎಣಿಸುತ್ತಾರೆ.

ಇಂಥ ಬಳಸುದಾರಿಯನ್ನು ಏಕೆ ಹಿಡಿದರು? ೧೭೮೭ರ ಬೇಸಗೆಯಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ರಾಜ್ಯಾಂಗವನ್ನು ರಚಿಸಲು ಸೇರಿದವರಿಗೆ ಈ ಪ್ರಶ್ನೆ ಬಹುಕಾಲ ತಲೆನೋವಾಗಿದ್ದಿತು. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ನರು, ಜನರೇ ನೇರವಾಗಿ ಆರಿಸಲಿ ಎಂದರು. ವರ್ಜೀನಿಯಾದ ಜಾರ್ಜ್ ಮೇಸನ್ನರಿಗೆ ಅದು ಬಣ್ಣಗಳ ಪರೀಕ್ಷೆಯನ್ನು ಕುರುಡನಿಗೆ ವಹಿಸಿದಂತೆ ಕಂಡಿತು. ಅಷ್ಟು ವಿಸ್ತಾರವಾದ ದೇಶದಲ್ಲಿ ದೂರದ ಉಮೇದುವಾರರ ಗುಣದೋಷಗಳನ್ನು ಸಾಮಾನ್ಯರು ಹೇಗೆ ತಿಳಿದಾರೆಂಬುದು ಅವರ ವಾದ. ಕಾಂಗ್ರೆಸ್ಸೇ ಆರಿಸಲಿ ಎಂದವರು ಬಹಳ ಮಂದಿ. ಹಾಗಾದರೆ ಅಧ್ಯಕ್ಷನು ಕಾಂಗ್ರೆಸ್ಸಿನ ಕೈಗೊಂಬೆಯಾಗುವನೆಂದು ಹೆದರಿದವರೂ ಅಷ್ಟೇ ಮಂದಿ. ಇದೆಲ್ಲಕ್ಕೂ ಹಿಂದೆ ಮತ್ತೊಂದು ಕಾರಣವಿದ್ದಿತು. ಅದನ್ನು ಜೇಮ್ಸ್ ಮ್ಯಾಡಿಸನ್ನರು ಜುಲೈ ೧೯ರಂದು ಬಾಯಿಬಿಟ್ಟು ಹೇಳಿದರು. ದಕ್ಷಿಣದ ಸಂಸ್ಥಾನಗಳಲ್ಲಿ ಜನಸಂಖ್ಯೆಯ ದೊಡ್ಡ ಭಾಗ ಗುಲಾಮರು, ಅವರಿಗೆ ವೋಟಿಲ್ಲ. ನೇರವಾದ ಚುನಾವಣೆಯಾದರೆ ದಕ್ಷಿಣಕ್ಕೆ ಅವರ ಬಲ ಸೇರುವುದಿಲ್ಲ. ಆದರೆ ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚುವಾಗ ಐದು ಮಂದಿ ಗುಲಾಮರನ್ನು ಮೂರು ಮಂದಿಯಂತೆ ಎಣಿಸಬೇಕೆಂದು ರಾಜಿಯಾಗಿದ್ದಿತು. ನಿರ್ವಾಚಕರ ಸಂಖ್ಯೆಯನ್ನು ಆ ಸ್ಥಾನಗಳಿಗೆ ಕಟ್ಟಿದ್ದರಿಂದ, ವೋಟೇ ಇಲ್ಲದ ಗುಲಾಮನು ತನ್ನ ಒಡೆಯನ ಅಧ್ಯಕ್ಷನನ್ನು ಆರಿಸಲು ತೂಕವಾಗಿ ಉಪಯೋಗಕ್ಕೆ ಬಂದನು. ಸಣ್ಣ ಸಂಸ್ಥಾನಗಳ ರಕ್ಷಣೆಗಾಗಿಯೇ ಈ ಪದ್ಧತಿ ಹುಟ್ಟಿತೆಂದು ಪಾಠಪುಸ್ತಕಗಳಲ್ಲಿ ಓದುವವರು ಈ ಅಂಶವನ್ನೂ ನೆನಪಿನಲ್ಲಿಡುವುದು ಯುಕ್ತ.

ಹಾಗಾದರೂ ಪದ್ಧತಿಯನ್ನು ರಚಿಸಿದವರು ಕಂಡ ನಿರ್ವಾಚಕನು ಬೇರೆ, ಈಗಿನ ನಿರ್ವಾಚಕನು ಬೇರೆ. ಊರಿನ ವಿವೇಕಿಗಳು ಕೆಲವರು ಸೇರಿ ಸ್ವಬುದ್ಧಿಯಿಂದ ಯೋಗ್ಯನನ್ನು ಹುಡುಕುವರೆಂದು ಅವರು ನಂಬಿದ್ದರು. ಪಕ್ಷಗಳು ಹುಟ್ಟಿದ ಕೂಡಲೆ ಆ ನಂಬಿಕೆ ಹಾರಿಹೋಯಿತು. ನಿರ್ವಾಚಕನು ತನ್ನ ಪಕ್ಷದ ಅಂಚೆಯವನಾದನು. ಕೊಟ್ಟ ಮಾತಿಗೆ ತಪ್ಪುವ ನಿರ್ವಾಚಕನನ್ನು ಸಂಸ್ಥಾನದವರು ದಂಡಿಸಬಹುದೆಂದು ೨೦೨೦ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೂ ಹೇಳಿಬಿಟ್ಟಿತು.

ಇನ್ನು ಮುಖ್ಯವಾದ ಸಂಗತಿಗೆ ಬರೋಣ. ಒಂದು ಸಂಸ್ಥಾನದಲ್ಲಿ ಯಾರಿಗೆ ಎಲ್ಲರಿಗಿಂತ ಹೆಚ್ಚು ವೋಟು ಬರುವುದೋ ಅವರಿಗೆ ಆ ಸಂಸ್ಥಾನದ ನಿರ್ವಾಚಕರೆಲ್ಲರೂ ಇಡಿಯಾಗಿ ಸೇರುತ್ತಾರೆ. ಎರಡನೆಯವರಿಗೆ ಒಬ್ಬರೂ ಇಲ್ಲ. ಈ ನಿಯಮ ನಲವತ್ತೆಂಟು ಸಂಸ್ಥಾನಗಳಲ್ಲಿದೆ. ಮೇನ್, ನೆಬ್ರಾಸ್ಕಾ ಎಂಬ ಎರಡು ಮಾತ್ರ ಕೆಲವು ನಿರ್ವಾಚಕರನ್ನು ಕ್ಷೇತ್ರವಾರು ಹಂಚುತ್ತವೆ. ಆಶ್ಚರ್ಯವೆಂದರೆ, ಇಡೀ ಗಂಟನ್ನು ಗೆದ್ದವನಿಗೇ ಕೊಡಬೇಕೆಂದು ರಾಜ್ಯಾಂಗದಲ್ಲಿ ಎಲ್ಲಿಯೂ ಬರೆದಿಲ್ಲ. ನಿರ್ವಾಚಕರನ್ನು ಹೇಗೆ ನೇಮಿಸಬೇಕೆಂಬುದನ್ನು ಸಂಸ್ಥಾನದ ಶಾಸನಸಭೆಗೇ ಬಿಟ್ಟಿದೆ. ಮೊದಲಲ್ಲಿ ಕೆಲವು ಕಡೆ ಕ್ಷೇತ್ರವಾರು ಆರಿಸುತ್ತಿದ್ದರು, ಕೆಲವು ಕಡೆ ಶಾಸನಸಭೆಯವರೇ ನೇಮಿಸುತ್ತಿದ್ದರು. ೧೮೦೦ನೆಯ ಇಸವಿಯಲ್ಲಿ ಜೆಫರ್ಸನ್ನರ ಕಡೆಯವರು ವರ್ಜೀನಿಯಾದಲ್ಲಿ ಕ್ಷೇತ್ರವಾರು ಪದ್ಧತಿಯನ್ನು ತೆಗೆದು ಇಡಿಗಂಟಿನ ಪದ್ಧತಿಯನ್ನು ತಂದರು. ಹಿಂದಿನ ಚುನಾವಣೆಯಲ್ಲಿ ತಮ್ಮ ಮನೆಯಂಗಳದಲ್ಲಿಯೇ ಒಂದು ವೋಟು ಎದುರಾಳಿಗೆ ಹೋಗಿದ್ದುದನ್ನು ಅವರು ಮರೆತಿರಲಿಲ್ಲ. ಕ್ಷೇತ್ರವಾರು ಪದ್ಧತಿಯೇ ಉತ್ತಮವೆಂದು ಒಪ್ಪಿದರೂ, ಇತರರು ಇಡಿಗಂಟನ್ನು ಹಿಡಿದಿರುವಾಗ ನಾವು ಮಾತ್ರ ಬಿಡಿಬಿಡಿಯಾಗಿ ಹಂಚುವುದು ಹುಚ್ಚುತನವೆಂಬುದು ಜೆಫರ್ಸನ್ನರ ಅಭಿಪ್ರಾಯವಾಗಿತ್ತು. ಅದಕ್ಕೆ ಉತ್ತರವಾಗಿ ಮ್ಯಾಸಚೂಸೆಟ್ಸಿನವರು ತಮ್ಮ ನಿಯಮವನ್ನು ಬದಲಾಯಿಸಿದರು. ಒಬ್ಬನು ಬೇಲಿಯನ್ನು ಮುಂದಕ್ಕೆ ಹಾಕಿದರೆ ನೆರೆಯವನು ಸುಮ್ಮನಿರುವನೆ? ೧೮೩೬ರ ವೇಳೆಗೆ ಸೌತ್ ಕ್ಯಾರೊಲಿನಾ ಒಂದನ್ನು ಬಿಟ್ಟು ಎಲ್ಲ ಕಡೆಯೂ ಇಡಿಗಂಟಿನ ಪದ್ಧತಿಯೇ ನೆಲೆನಿಂತಿತು.

ಈ ಪದ್ಧತಿಯಲ್ಲಿ ಲೆಕ್ಕ ಹೇಗೆ ತಲೆಕೆಳಗಾಗುವುದೆಂಬುದನ್ನು ಕೇಳುಗರು ಮನಸ್ಸಿನಲ್ಲಿಯೇ ಮಾಡಿ ನೋಡಬಹುದು. ಐದು ಹೋಬಳಿಗಳಿವೆಯೆಂದು ಇಟ್ಟುಕೊಳ್ಳಿ. ಒಂದೊಂದರಲ್ಲಿಯೂ ಸಾವಿರ ಮಂದಿ ಮತದಾರರು. ಹೋಬಳಿಗೊಂದು ನಿರ್ವಾಚಕ ವೋಟು. ರಾಮಯ್ಯನವರು ಮೂರು ಹೋಬಳಿಗಳಲ್ಲಿ ೫೧೦ಕ್ಕೆ ೪೯೦ರಂತೆ ಗೆದ್ದರು. ಉಳಿದ ಎರಡರಲ್ಲಿ ಭೀಮಯ್ಯನವರು ೮೦೦ಕ್ಕೆ ೨೦೦ರಂತೆ ಗೆದ್ದರು. ಹೋಬಳಿಗಳ ಲೆಕ್ಕದಲ್ಲಿ ರಾಮಯ್ಯನವರಿಗೆ ಮೂರು, ಭೀಮಯ್ಯನವರಿಗೆ ಎರಡು. ರಾಮಯ್ಯನವರಿಗೆ ಹಾರ ಬಿದ್ದಿತು. ಜನರ ಲೆಕ್ಕದಲ್ಲಿ ರಾಮಯ್ಯನವರಿಗೆ ಬಂದುದು ೧೯೩೦, ಭೀಮಯ್ಯನವರಿಗೆ ಬಂದುದು ೩೦೭೦. ಯಾರೂ ಕಳ್ಳವೋಟು ಹಾಕಲಿಲ್ಲ, ಯಾರೂ ಪೆಟ್ಟಿಗೆ ಒಡೆಯಲಿಲ್ಲ. ಭೀಮಯ್ಯನವರ ವೋಟುಗಳು ಬೇಕಾದುದಕ್ಕಿಂತ ಹೆಚ್ಚಾಗಿ ಎರಡು ಕಡೆ ಗುಡ್ಡೆಬಿದ್ದುವು. ರಾಮಯ್ಯನವರ ವೋಟುಗಳು ಬೇಕಾದಷ್ಟು ಮಾತ್ರ ಬೇಕಾದ ಕಡೆ ಹರಡಿದುವು. ಮೂರು ಹೋಬಳಿಗಳಲ್ಲಿ ಸೋತ ೧೪೭೦ ವೋಟುಗಳೂ, ಎರಡು ಹೋಬಳಿಗಳಲ್ಲಿ ಗೆಲುವಿಗೆ ಮೀರಿ ಬಂದ ವೋಟುಗಳೂ ಒಂದೇ ರೀತಿ ನಿಷ್ಫಲವಾದುವು.

ಈಗ ಚರಿತ್ರೆಗೆ ಹೋಗೋಣ. ೧೮೨೪ರ ಚುನಾವಣೆ ಸ್ವಲ್ಪ ಬೇರೆ ಜಾತಿಯದು. ಅದನ್ನು ಬೇಗ ಮುಗಿಸುತ್ತೇನೆ. ಸ್ಪರ್ಧಿಗಳು ನಾಲ್ವರು. ಆಂಡ್ರೂ ಜಾಕ್ಸನ್ನರಿಗೆ ೯೯, ಜಾನ್ ಕ್ವಿನ್ಸಿ ಆಡಮ್ಸರಿಗೆ ೮೪, ಕ್ರಾಫರ್ಡರಿಗೆ ೪೧, ಹೆನ್ರಿ ಕ್ಲೇಯವರಿಗೆ ೩೭ ನಿರ್ವಾಚಕ ವೋಟುಗಳು ಬಂದುವು. ಬೇಕಾಗಿದ್ದುದು ೧೩೧, ಯಾರಿಗೂ ಬರಲಿಲ್ಲ. ಹೀಗಾದಾಗ ಪ್ರತಿನಿಧಿ ಸಭೆಯು ಸಂಸ್ಥಾನಕ್ಕೊಂದು ವೋಟಿನಂತೆ ಆರಿಸಬೇಕೆಂದು ವಿಧಿಯಿದೆ. ಅಲ್ಲಿ ಕ್ಲೇಯವರ ಬೆಂಬಲದಿಂದ ಆಡಮ್ಸರು ೧೩ ಸಂಸ್ಥಾನಗಳನ್ನು ಪಡೆದು ಅಧ್ಯಕ್ಷರಾದರು. ಕ್ಲೇಯವರು ವಿದೇಶಾಂಗ ಮಂತ್ರಿಯಾದರು. ಜಾಕ್ಸನ್ನರ ಕಡೆಯವರು ಇದನ್ನು ಲಂಚದ ವ್ಯಾಪಾರವೆಂದು ನಾಲ್ಕು ವರ್ಷ ಸಾರಿ, ೧೮೨೮ರಲ್ಲಿ ಸೇಡು ತೀರಿಸಿಕೊಂಡರು. ಆದರೆ ಆಗ ಇದ್ದ ೨೪ ಸಂಸ್ಥಾನಗಳಲ್ಲಿ ಆರರಲ್ಲಿ ಜನರು ವೋಟೇ ಹಾಕಿರಲಿಲ್ಲವಾದ್ದರಿಂದ, ಜಾಕ್ಸನ್ನರಿಗೆ ಇಡೀ ದೇಶದ ಜನಮತವಿದ್ದಿತೆಂದು ಹೇಳುವಾಗ ಸ್ವಲ್ಪ ಸಂಕೋಚಪಡಬೇಕು.

೧೮೭೬ರ ಕಥೆಯನ್ನು ನಿಧಾನವಾಗಿ ಹೇಳಬೇಕು. ಅದರ ಫಲವನ್ನು ಅನುಭವಿಸಿದವರು ಆ ಇಬ್ಬರು ಉಮೇದುವಾರರು ಮಾತ್ರವಲ್ಲ. ಅಂತರ್ಯುದ್ಧ ಮುಗಿದು ಹನ್ನೊಂದು ವರ್ಷಗಳಾಗಿದ್ದುವು. ಬಿಡುಗಡೆಹೊಂದಿದ ಕಪ್ಪು ಜನಾಂಗದವರಿಗೆ ೧೮೭೦ರ ತಿದ್ದುಪಡಿಯಿಂದ ವೋಟಿನ ಹಕ್ಕು ಬಂದಿತ್ತು. ದಕ್ಷಿಣದಲ್ಲಿ ಅವರ ಹಕ್ಕಿಗೆ ಇದ್ದ ಕಾವಲೆಂದರೆ ಕೇಂದ್ರ ಸರ್ಕಾರದ ಸೈನ್ಯ. ರಿಪಬ್ಲಿಕನ್ ಪಕ್ಷದಿಂದ ಒಹಾಯೋದ ಗವರ್ನರ್ ರದರ್ಫರ್ಡ್ ಹೇಯ್ಸರೂ, ಡೆಮಾಕ್ರಟಿಕ್ ಪಕ್ಷದಿಂದ ನ್ಯೂಯಾರ್ಕಿನ ಗವರ್ನರ್ ಸ್ಯಾಮ್ಯುಯಲ್ ಟಿಲ್ಡನ್ನರೂ ನಿಂತರು. ಟಿಲ್ಡನ್ನರಿಗೆ ಸುಮಾರು ಎರಡೂವರೆ ಲಕ್ಷ ವೋಟುಗಳು ಹೆಚ್ಚಾಗಿ ಬಂದುವು. ಚಲಾವಣೆಯಾದ ವೋಟುಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಅವರದು. ನಿರ್ವಾಚಕರ ಲೆಕ್ಕದಲ್ಲಿ ಅವರಿಗೆ ನಿರ್ವಿವಾದವಾಗಿ ೧೮೪ ದೊರೆತಿದ್ದುವು. ಬೇಕಾಗಿದ್ದುದು ೧೮೫. ಒಂದೇ ಒಂದು ಕಡಮೆ!

ವಿವಾದದಲ್ಲಿ ಉಳಿದುವು ಇಪ್ಪತ್ತು: ಫ್ಲಾರಿಡಾದ ನಾಲ್ಕು, ಲೂಯಿಸಿಯಾನಾದ ಎಂಟು, ಸೌತ್ ಕ್ಯಾರೊಲಿನಾದ ಏಳು, ಆರಿಗನ್ನಿನ ಒಂದು. ದಕ್ಷಿಣದ ಆ ಮೂರು ಕಡೆಗಳಿಂದಲೂ ಎರಡೆರಡು ಪಟ್ಟಿಗಳು ಬಂದುವು. ನಾವು ಗೆದ್ದೆವೆಂದು ಎರಡು ಪಕ್ಷದವರೂ ಬೇರೆ ಬೇರೆ ಲಕೋಟೆ ಕಳುಹಿಸಿದ್ದರು. ಯಾವುದನ್ನು ಒಡೆಯಬೇಕು? ರಾಜ್ಯಾಂಗ ಈ ವಿಷಯದಲ್ಲಿ ಮೌನ. ಕಾಂಗ್ರೆಸ್ಸಿನವರು ಐದು ಮಂದಿ ಸೆನೆಟರು, ಐದು ಮಂದಿ ಪ್ರತಿನಿಧಿಗಳು, ಐದು ಮಂದಿ ನ್ಯಾಯಾಧೀಶರು, ಹೀಗೆ ಹದಿನೈದು ಮಂದಿಯ ಒಂದು ಆಯೋಗವನ್ನು ಏರ್ಪಡಿಸಿದರು. ಅವರಲ್ಲಿ ಏಳು ಮಂದಿ ಒಂದು ಪಕ್ಷ, ಏಳು ಮಂದಿ ಮತ್ತೊಂದು ಪಕ್ಷ. ಹದಿನೈದನೆಯವರು ಯಾವ ಪಕ್ಷಕ್ಕೂ ಸೇರದವರೆಂದು ಹೆಸರಾದ ನ್ಯಾಯಾಧೀಶ ಡೇವಿಡ್ ಡೇವಿಸರಾಗುವರೆಂದು ಎಲ್ಲರ ಎಣಿಕೆ. ಆದರೆ ಅಷ್ಟರಲ್ಲಿಯೇ ಇಲಿನಾಯ್ ಶಾಸನಸಭೆಯವರು ಅವರನ್ನು ಸೆನೆಟ್ ಸಭೆಗೆ ಆರಿಸಿಬಿಟ್ಟರು, ಅವರು ಹಿಂದೆಗೆದರು. ಅವರ ಸ್ಥಾನಕ್ಕೆ ಬಂದ ಬ್ರ್ಯಾಡ್ಲಿಯವರು ರಿಪಬ್ಲಿಕನ್ನರು. ಮುಂದೆ ಪ್ರತಿಯೊಂದು ವಿವಾದವೂ ೮ಕ್ಕೆ ೭ರಂತೆ ಒಂದೇ ಕಡೆಗೆ ತೀರ್ಮಾನವಾಯಿತು. ಇಪ್ಪತ್ತಕ್ಕೆ ಇಪ್ಪತ್ತೂ ಹೇಯ್ಸರಿಗೆ ಸೇರಿ, ೧೮೫ಕ್ಕೆ ೧೮೪ರಂತೆ ಅವರು ಗೆದ್ದರೆಂದು ೧೮೭೭ರ ಮಾರ್ಚಿ ೨ರಂದು, ಹಿಂದಿನ ಅಧ್ಯಕ್ಷರ ಅವಧಿ ಮುಗಿಯಲು ಎರಡೇ ದಿನ ಉಳಿದಿರುವಾಗ, ಸಾರಿದರು.

ಡೆಮಾಕ್ರಟರು ಇದನ್ನು ಸಹಿಸಿದುದೇಕೆ? ತೆರೆಯ ಮರೆಯಲ್ಲಿ ಏನೇನು ಮಾತುಕತೆಯಾಯಿತೆಂಬುದರ ಮೇಲೆ ಚರಿತ್ರಕಾರರು ಇಂದಿಗೂ ವಾದಮಾಡುತ್ತಾರೆ. ನಡೆದ ಸಂಗತಿಯಂತೂ ಸ್ಪಷ್ಟ: ಹೇಯ್ಸರು ಅಧಿಕಾರಕ್ಕೆ ಬಂದ ಎರಡು ತಿಂಗಳೊಳಗೆ ಸೌತ್ ಕ್ಯಾರೊಲಿನಾ, ಲೂಯಿಸಿಯಾನಾಗಳ ಸರ್ಕಾರಗಳಿಗೆ ಕಾವಲಾಗಿದ್ದ ಸೈನ್ಯ ಹಿಂದಕ್ಕೆ ಹೋಯಿತು. ಕಾವಲು ಹೋದ ಮೇಲೆ ಕಪ್ಪು ಜನಾಂಗದವರ ವೋಟು ಕಾಗದದ ಮೇಲಿನ ಹಕ್ಕಾಯಿತು. ಅದು ನಿಜವಾಗಿ ಅವರ ಕೈಗೆ ಮರಳಿ ಬಂದುದು ೧೯೬೫ರ ವೋಟಿನ ಹಕ್ಕಿನ ಕಾನೂನಿನಿಂದ, ಎಂದರೆ ಎಂಬತ್ತೆಂಟು ವರ್ಷಗಳ ಮೇಲೆ. ಆದಕಾರಣ ೧೮೭೬ರಲ್ಲಿ ಜನಮತವನ್ನು ಕದ್ದರೆಂದು ಟಿಲ್ಡನ್ನರ ಪರವಾಗಿ ಕಣ್ಣೀರಿಡುವವರು ಒಂದು ಮಾತನ್ನು ಯೋಚಿಸಬೇಕು. ದಕ್ಷಿಣದಲ್ಲಿ ಆ ಜನಮತವನ್ನು ಎಣಿಸುವುದಕ್ಕೆ ಮುಂಚೆಯೇ ಸಾವಿರಾರು ಮಂದಿಯನ್ನು ಬಂದೂಕು ತೋರಿಸಿ ಮತಗಟ್ಟೆಯಿಂದ ದೂರ ಇಟ್ಟಿದ್ದರು. ಒಂದು ತಕ್ಕಡಿಯಲ್ಲಿ ಮೋಸವಾಯಿತೆನ್ನುವಾಗ ಮತ್ತೊಂದು ತಕ್ಕಡಿ ಶುದ್ಧವಾಗಿತ್ತೆಂದು ಹೇಳಲಾಗುವುದಿಲ್ಲ.

೧೮೮೮ರಲ್ಲಿ ಇಂಥ ಗೊಂದಲವೇನೂ ಇರಲಿಲ್ಲ. ಆಗ ಅಧ್ಯಕ್ಷರಾಗಿದ್ದ ಗ್ರೋವರ್ ಕ್ಲೀವ್‌ಲೆಂಡರಿಗೆ ಬೆಂಜಮಿನ್ ಹ್ಯಾರಿಸನ್ನರಿಗಿಂತ ತೊಂಬತ್ತು ಸಾವಿರದಷ್ಟು ವೋಟು ಹೆಚ್ಚು. ನಿರ್ವಾಚಕರು ಮಾತ್ರ ಹ್ಯಾರಿಸನ್ನರಿಗೆ ೨೩೩, ಅವರಿಗೆ ೧೬೮. ಕ್ಲೀವ್‌ಲೆಂಡರು ದಕ್ಷಿಣದಲ್ಲಿ ಭಾರಿ ಅಂತರದಿಂದ ಗೆದ್ದು, ತಮ್ಮ ಸ್ವಂತ ನ್ಯೂಯಾರ್ಕಿನಲ್ಲಿ ಸುಮಾರು ಹದಿನಾಲ್ಕು ಸಾವಿರ ವೋಟುಗಳಿಂದ ಸೋತರು. ಆ ಸಂಸ್ಥಾನದ ೩೬ ನಿರ್ವಾಚಕರು ಈ ಕಡೆ ಬಂದಿದ್ದರೆ ಫಲ ತಿರುಗುಮುರುಗಾಗುತ್ತಿತ್ತು. ಅವರು ೧೮೯೨ರಲ್ಲಿ ಮತ್ತೆ ನಿಂತು ಗೆದ್ದುದರಿಂದ ಜನ ಈ ಪ್ರಸಂಗವನ್ನು ಬೇಗ ಮರೆತರು. ಮುಂದೆ ನೂರಹನ್ನೆರಡು ವರ್ಷ ಇಂಥದು ನಡೆಯದೆ, ಇದು ಪುರಾತನ ಕಾಲದ ಚಮತ್ಕಾರವೆಂಬ ಭಾವನೆ ಬೇರೂರಿತು.

೨೦೦೦ನೆಯ ಇಸವಿಯಲ್ಲಿ ಆ ಭಾವನೆ ಹೋಯಿತು. ಆಲ್ ಗೋರ್‌ರಿಗೆ ೫,೦೯,೯೯,೮೯೭ ವೋಟು. ಜಾರ್ಜ್ ಬುಷ್‌ರಿಗೆ ೫,೦೪,೫೬,೦೦೨. ವ್ಯತ್ಯಾಸ ಐದು ಲಕ್ಷದ ನಲವತ್ತುಮೂರು ಸಾವಿರಕ್ಕೂ ಮೇಲೆ. ಆದರೆ ೨೫ ನಿರ್ವಾಚಕರುಳ್ಳ ಫ್ಲಾರಿಡಾ ಯಾರ ಕಡೆಗೋ ಅವರೇ ಅಧ್ಯಕ್ಷರೆಂಬ ಸ್ಥಿತಿ ಒದಗಿತು. ಅಲ್ಲಿ ಸುಮಾರು ಅರುವತ್ತು ಲಕ್ಷ ವೋಟುಗಳು; ಬುಷ್‌ರ ಮುನ್ನಡೆ ಕಟ್ಟಕಡೆಗೆ ೫೩೭. ಕೆಲವು ಜಿಲ್ಲೆಗಳಲ್ಲಿ ವೋಟು ಹಾಕುವುದೆಂದರೆ ರಟ್ಟಿನ ಚೀಟಿಗೆ ಸೂಜಿಯಿಂದ ರಂಧ್ರ ಮಾಡುವುದು. ರಂಧ್ರ ಪೂರ್ತಿಯಾಗಿ ಬೀಳದೆ ರಟ್ಟಿನ ಚೂರು ಜೋತಾಡುತ್ತಿದ್ದರೆ ಅದು ವೋಟೋ ಅಲ್ಲವೋ ಎಂದು ಅಧಿಕಾರಿಗಳು ಚೀಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ಚಿತ್ರಗಳು ಲೋಕದ ಪತ್ರಿಕೆಗಳಲ್ಲೆಲ್ಲ ಬಂದುವು. ಮೂವತ್ತಾರು ದಿನ ಹೀಗೆ ನಡೆದು, ಡಿಸೆಂಬರು ೧೨ರಂದು ಸರ್ವೋಚ್ಚ ನ್ಯಾಯಾಲಯವು ೫ಕ್ಕೆ ೪ರ ಬಹುಮತದಿಂದ ಮರುಎಣಿಕೆಯನ್ನು ನಿಲ್ಲಿಸಿತು. ಬುಷ್‌ರಿಗೆ ೨೭೧ ನಿರ್ವಾಚಕರಾದರು.

೨೦೧೬ರಲ್ಲಿ ಅಂತರ ಇನ್ನೂ ವಿಚಿತ್ರ. ಕ್ಲಿಂಟನ್ನರಿಗೆ ೬,೫೮,೫೩,೫೧೪, ಟ್ರಂಪರಿಗೆ ೬,೨೯,೮೪,೮೨೮. ಕ್ಯಾಲಿಫೋರ್ನಿಯಾ ಒಂದರಲ್ಲಿಯೇ ಕ್ಲಿಂಟನ್ನರ ಮುನ್ನಡೆ ನಲವತ್ತೆರಡು ಲಕ್ಷವನ್ನು ಮೀರಿತ್ತು. ಅದು ನಮ್ಮ ಲೆಕ್ಕದ ಭೀಮಯ್ಯನವರ ಹೋಬಳಿ. ಟ್ರಂಪರು ಮಿಷಿಗನ್ನನ್ನು ೧೦,೭೦೪, ವಿಸ್ಕಾನ್ಸಿನ್ನನ್ನು ೨೨,೭೪೮, ಪೆನ್ಸಿಲ್ವೇನಿಯಾವನ್ನು ೪೪,೨೯೨ ವೋಟುಗಳಿಂದ ಗೆದ್ದರು. ಮೂರನ್ನೂ ಕೂಡಿದರೆ ೭೮ ಸಾವಿರಕ್ಕಿಂತ ಕಡಮೆ. ಈ ಮೂರು ಸಂಸ್ಥಾನಗಳ ೪೬ ನಿರ್ವಾಚಕರೇ ಅಧ್ಯಕ್ಷ ಪದವಿಯನ್ನು ನಿರ್ಣಯಿಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಬಹುಮಂದಿ ಅದನ್ನು ಗಮನಿಸುವುದಿಲ್ಲ. ಈ ವಿಪರ್ಯಾಸಕ್ಕೆ ಕಾರಣ ಒಂದಲ್ಲ, ಎರಡು. ಇಡಿಗಂಟಿನ ನಿಯಮವೊಂದು, ಚಿಕ್ಕ ಸಂಸ್ಥಾನಕ್ಕೂ ಸೆನೆಟಿನ ಲೆಕ್ಕದಲ್ಲಿ ಎರಡು ನಿರ್ವಾಚಕರನ್ನು ಮೇಲುಗೊಡುವುದು ಇನ್ನೊಂದು. ೨೦೨೦ರ ಜನಗಣತಿಯಂತೆ ವಯೋಮಿಂಗಿನ ಜನಸಂಖ್ಯೆ ಐದು ಮುಕ್ಕಾಲು ಲಕ್ಷದಷ್ಟು, ನಿರ್ವಾಚಕರು ಮೂವರು. ಕ್ಯಾಲಿಫೋರ್ನಿಯಾದ ಜನಸಂಖ್ಯೆ ೩ ಕೋಟಿ ೯೫ ಲಕ್ಷ, ನಿರ್ವಾಚಕರು ೫೪. ಅಲ್ಲಿ ೧ ಲಕ್ಷ ೯೨ ಸಾವಿರ ಜನರಿಗೊಬ್ಬ, ಇಲ್ಲಿ ೭ ಲಕ್ಷ ೩೨ ಸಾವಿರ ಜನರಿಗೊಬ್ಬ. ಈ ಅನ್ಯಾಯವೇ ಎಲ್ಲಕ್ಕೂ ಮೂಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಲೆಕ್ಕಮಾಡಿ ನೋಡಿದರೆ ಅದು ಅರ್ಧ ಮಾತ್ರ ನಿಜ. ಗೆದ್ದ ಒಂದೊಂದು ಸಂಸ್ಥಾನಕ್ಕೂ ಎರಡೆರಡು ನಿರ್ವಾಚಕರನ್ನು ಕಳೆದುಬಿಡೋಣ. ೧೮೭೬ರಲ್ಲಿ ಹೇಯ್ಸರು ಗೆದ್ದುದು ೨೧ ಸಂಸ್ಥಾನ, ಟಿಲ್ಡನ್ನರು ೧೭. ಕಳೆದರೆ ೧೪೩ಕ್ಕೆ ೧೫೦, ಟಿಲ್ಡನ್ನರು ಗೆಲ್ಲುತ್ತಾರೆ. ೨೦೦೦ದಲ್ಲಿ ಬುಷ್‌ರು ಗೆದ್ದುದು ೩೦ ಸಂಸ್ಥಾನ. ಗೋರ್‌ರು ೨೦ ಸಂಸ್ಥಾನ ಮತ್ತು ರಾಜಧಾನಿ. ಕಳೆದರೆ ೨೧೧ಕ್ಕೆ ೨೨೫, ಗೋರ್‌ರು ಗೆಲ್ಲುತ್ತಾರೆ. ಆದರೆ ೧೮೮೮ರಲ್ಲಿ ಕಳೆದರೆ ೧೯೩ಕ್ಕೆ ೧೩೨, ಹ್ಯಾರಿಸನ್ನರ ಗೆಲುವು ಅಲುಗುವುದಿಲ್ಲ. ೨೦೧೬ರಲ್ಲಿಯೂ, ಮತದಾರರು ಆರಿಸಿದ ೩೦೬ ಮತ್ತು ೨೩೨ರಿಂದ ಕಳೆದರೆ, ೨೪೬ಕ್ಕೆ ೧೯೦, ಟ್ರಂಪರೇ ಗೆಲ್ಲುತ್ತಾರೆ. ಎಂದರೆ ಎರಡು ಸಲ ಫಲವನ್ನು ತಿರುಗಿಸಿದುದು ಚಿಕ್ಕ ಸಂಸ್ಥಾನಗಳಿಗೆ ಕೊಟ್ಟ ಮೇಲುಗಡೆ; ಎರಡು ಸಲ ತಿರುಗಿಸಿದುದು ಶುದ್ಧವಾಗಿ ಇಡಿಗಂಟಿನ ನಿಯಮ. ಮೊದಲನೆಯದು ರಾಜ್ಯಾಂಗದ ಒಳಗಿದೆ, ತೆಗೆಯುವುದು ಕಷ್ಟ. ಎರಡನೆಯದು ರಾಜ್ಯಾಂಗದಲ್ಲಿಲ್ಲ, ಸಂಸ್ಥಾನಗಳು ಮನಸ್ಸುಮಾಡಿದರೆ ಒಂದು ದಿನದಲ್ಲಿ ಬದಲಾಯಿಸಬಹುದು. ಆದರೆ ತಾನೊಬ್ಬನೇ ಮೊದಲು ಬದಲಾಯಿಸಿದರೆ ತನ್ನ ಪಕ್ಷಕ್ಕೆ ನಷ್ಟವೆಂಬ ಜೆಫರ್ಸನ್ನರ ಕಾಲದ ಅಂಜಿಕೆ ಇಂದಿಗೂ ಹಾಗೆಯೇ ಇದೆ.

ಈ ಪದ್ಧತಿಯು ಯಾವಾಗಲೂ ಒಂದೇ ಪಕ್ಷಕ್ಕೆ ಸಹಾಯಕವೆಂದು ತಿಳಿಯುವುದೂ ಸರಿಯಲ್ಲ. ೨೦೦೪ರಲ್ಲಿ ಬುಷ್‌ರಿಗೆ ದೇಶದಲ್ಲೆಲ್ಲ ಮೂವತ್ತು ಲಕ್ಷ ವೋಟು ಹೆಚ್ಚಾಗಿದ್ದಿತು. ಆದರೂ ಒಹಾಯೋ ಒಂದರಲ್ಲಿ ಅರುವತ್ತು ಸಾವಿರ ಮಂದಿ ಮನಸ್ಸು ಬದಲಾಯಿಸಿದ್ದರೆ ಡೆಮಾಕ್ರಟರಾದ ಜಾನ್ ಕೆರಿಯವರು ಅಧ್ಯಕ್ಷರಾಗುತ್ತಿದ್ದರು. ೨೦೨೦ರಲ್ಲಿ ಜೋ ಬೈಡನ್ನರ ಮುನ್ನಡೆ ಎಪ್ಪತ್ತು ಲಕ್ಷ. ಆದರೆ ಜಾರ್ಜಿಯಾ, ಅರಿಜೋನಾ, ವಿಸ್ಕಾನ್ಸಿನ್ ಮೂರರಲ್ಲಿಯೂ ಸೇರಿ ಅವರ ಮುನ್ನಡೆ ನಲವತ್ತುಮೂರು ಸಾವಿರವೂ ಇರಲಿಲ್ಲ. ಆ ಮೂರೂ ತಪ್ಪಿದ್ದರೆ ೨೬೯ಕ್ಕೆ ೨೬೯ರ ಸಮ. ೨೦೨೪ರಲ್ಲಿ ಟ್ರಂಪರು ೩೧೨ಕ್ಕೆ ೨೨೬ರಂತೆ ಗೆದ್ದರು. ಆ ಸಲ ಜನರ ವೋಟಿನಲ್ಲಿಯೂ ಅವರೇ ಮುಂದಿದ್ದರು.

ಪದ್ಧತಿಯನ್ನು ಸಮರ್ಥಿಸುವವರು ಟೆನ್ನಿಸ್ ಆಟದ ಉದಾಹರಣೆ ಕೊಡುತ್ತಾರೆ. ಆಟದಲ್ಲಿ ಗೆಲ್ಲುವವನು ಹೆಚ್ಚು ಸೆಟ್ಟುಗಳನ್ನು ಪಡೆದವನು. ಒಟ್ಟು ಪಾಯಿಂಟುಗಳನ್ನು ಯಾರೂ ಕೂಡಿಸಿ ನೋಡುವುದಿಲ್ಲ. ಆಟಗಾರರಿಗೆ ಇದು ಮೊದಲೇ ಗೊತ್ತು. ಅದಕ್ಕೆ ತಕ್ಕಂತೆ ಆಡುತ್ತಾರೆ. ಒಟ್ಟು ವೋಟೇ ಮುಖ್ಯವೆಂದಿದ್ದರೆ ಉಮೇದುವಾರರು ಬೇರೆ ಕಡೆ ತಿರುಗುತ್ತಿದ್ದರು, ಮತದಾರರೂ ಬೇರೆ ರೀತಿ ಬರುತ್ತಿದ್ದರು, ಆದ್ದರಿಂದ ಈಗಿನ ಒಟ್ಟು ಸಂಖ್ಯೆಯಿಂದ ಏನೂ ಸಿದ್ಧವಾಗುವುದಿಲ್ಲ ಎಂಬುದು ಅವರ ವಾದ. ಇದರಲ್ಲಿ ಸತ್ಯಾಂಶವಿದೆಯೆಂದು ಒಪ್ಪಬೇಕು. ಐವರಲ್ಲಿ ಟಿಲ್ಡನ್ನರೊಬ್ಬರನ್ನು ಬಿಟ್ಟರೆ, ಸೋತ ಯಾರಿಗೂ ಅರ್ಧಕ್ಕಿಂತ ಹೆಚ್ಚು ವೋಟು ಬಂದಿರಲಿಲ್ಲವೆಂಬುದೂ ನಿಜ. ಆದರೆ ಪಾಯಿಂಟಿಗೆ ಜೀವವಿಲ್ಲ. ತಾನು ಯಾವ ಸೆಟ್ಟಿನಲ್ಲಿ ಬಿದ್ದೆನೆಂದು ಅದು ಕೊರಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ವೋಟು ಹಾಕುವ ರೈತನಿಗೂ, ಅಲಬಾಮಾದಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ವೋಟು ಹಾಕುವ ಉಪಾಧ್ಯಾಯನಿಗೂ ತಮ್ಮ ವೋಟು ಎಣಿಕೆಗೆ ಮುಂಚೆಯೇ ಮುಗಿದುಹೋಯಿತೆಂಬುದು ಗೊತ್ತು. ಉಮೇದುವಾರರು ಅವರ ಊರಿನ ಕಡೆ ತಲೆಹಾಕುವುದೂ ಅಪರೂಪ. ಆ ಉಪಮಾನ ಈ ಜಾಗದಲ್ಲಿ ಮುರಿದುಬೀಳುತ್ತದೆಂದು ನನಗೆ ತೋರುತ್ತದೆ.

ಇದು ಅಮೆರಿಕದವರ ರೋಗ, ನಮಗೇನೆಂದು ಯಾರಾದರೂ ಕೇಳಬಹುದು. ದೇಶವನ್ನು ಕ್ಷೇತ್ರಗಳಾಗಿ ಒಡೆದು, ಕ್ಷೇತ್ರದಲ್ಲಿ ಮುಂದಿದ್ದವನೇ ಗೆದ್ದನೆನ್ನುವ ಕಡೆಯೆಲ್ಲ ಭೀಮಯ್ಯನವರ ಗತಿ ಒದಗಬಹುದು. ಇಂಗ್ಲೆಂಡಿನಲ್ಲಿ ೧೯೫೧ರಲ್ಲಿ ಲೇಬರ್ ಪಕ್ಷಕ್ಕೆ ಹೆಚ್ಚು ವೋಟು, ಕನ್ಸರ್ವೆಟಿವ್ ಪಕ್ಷಕ್ಕೆ ಹೆಚ್ಚು ಸ್ಥಾನ; ೧೯೭೪ರ ಫೆಬ್ರವರಿಯಲ್ಲಿ ಅದೇ ಪಾತ್ರಗಳು ಅದಲುಬದಲು. ನಮ್ಮ ಕರ್ನಾಟಕದಲ್ಲಿಯೇ ೨೦೦೮ರ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ ಸುಮಾರು ೩೫, ಭಾರತೀಯ ಜನತಾ ಪಕ್ಷಕ್ಕೆ ಸುಮಾರು ೩೪ ವೋಟು ಬಂದುವು. ಸ್ಥಾನಗಳು ಮಾತ್ರ ಮೊದಲನೆಯದಕ್ಕೆ ೮೦, ಎರಡನೆಯದಕ್ಕೆ ೧೧೦. ೨೦೧೮ರಲ್ಲಿಯೂ ಹಾಗೆಯೇ: ಮೇ ೧೨ರಂದು ಮತದಾನವಾದ ೨೨೨ ಕ್ಷೇತ್ರಗಳಲ್ಲಿ ನೂರಕ್ಕೆ ೩೮ರಷ್ಟು ವೋಟು ಪಡೆದ ಕಾಂಗ್ರೆಸ್ಸಿಗೆ ೭೮, ೩೬ರಷ್ಟು ಪಡೆದ ಭಾರತೀಯ ಜನತಾ ಪಕ್ಷಕ್ಕೆ ೧೦೪. ಭಾರತದ ರಾಷ್ಟ್ರಪತಿಯ ಚುನಾವಣೆಯೂ ಪರೋಕ್ಷವೇ. ಆದರೆ ನಮ್ಮ ಸಂವಿಧಾನವನ್ನು ರಚಿಸಿದವರು ಶಾಸಕರ ವೋಟಿನ ತೂಕವನ್ನು ಜನಸಂಖ್ಯೆಗೇ ಕಟ್ಟಿದರು. ೧೯೭೧ರ ಜನಗಣತಿಯನ್ನು ಆಧರಿಸಿದ ಲೆಕ್ಕದಲ್ಲಿ ಕರ್ನಾಟಕದ ಒಬ್ಬ ಶಾಸಕರ ವೋಟಿನ ಬೆಲೆ ೧೩೧, ಸಿಕ್ಕಿಮಿನವರದು ೭. ಮೇಲಾಗಿ ಒಂದು ರಾಜ್ಯದ ಶಾಸಕರ ವೋಟುಗಳೆಲ್ಲ ಇಡಿಯಾಗಿ ಒಬ್ಬರಿಗೇ ಸೇರಬೇಕೆಂಬ ಕಟ್ಟುಪಾಡೂ ಇಲ್ಲ.

ಅಮೆರಿಕದವರು ತಿದ್ದಲು ಪ್ರಯತ್ನಪಡಲಿಲ್ಲವೆಂದು ಹೇಳಲಾಗದು. ೧೯೬೮ರಲ್ಲಿ ಮೂರನೆಯ ಉಮೇದುವಾರರಾದ ಜಾರ್ಜ್ ವಾಲೆಸರು ೪೬ ನಿರ್ವಾಚಕರನ್ನು ಪಡೆದು ಎರಡು ದೊಡ್ಡ ಪಕ್ಷಗಳಿಗೂ ನಡುಕ ಹುಟ್ಟಿಸಿದ ಮೇಲೆ, ಅಧ್ಯಕ್ಷನನ್ನು ಜನರೇ ನೇರವಾಗಿ ಆರಿಸಬೇಕೆಂಬ ತಿದ್ದುಪಡಿಯನ್ನು ಪ್ರತಿನಿಧಿ ಸಭೆಯು ೧೯೬೯ರಲ್ಲಿ ೩೩೮ಕ್ಕೆ ೭೦ರಂತೆ ಒಪ್ಪಿತು. ಮಾರನೆಯ ವರ್ಷ ಸೆನೆಟ್ ಸಭೆಯಲ್ಲಿ ದಕ್ಷಿಣದವರೂ ಚಿಕ್ಕ ಸಂಸ್ಥಾನದವರೂ ಸೇರಿ ಮಾತನ್ನು ಬೆಳಸಿ ಬೆಳಸಿ ಅದನ್ನು ಕೊಂದರು. ರಾಜ್ಯಾಂಗದ ತಿದ್ದುಪಡಿಗೆ ಎರಡು ಸಭೆಗಳಲ್ಲಿಯೂ ಮೂರರಲ್ಲಿ ಎರಡು ಭಾಗ, ಅದರ ಮೇಲೆ ೩೮ ಸಂಸ್ಥಾನಗಳ ಒಪ್ಪಿಗೆ ಬೇಕು. ಅಷ್ಟು ಸಮೀಪಕ್ಕೆ ಆಮೇಲೆ ಯಾರೂ ಬರಲಿಲ್ಲ.

ಈಗ ಕೆಲವರು ಮತ್ತೊಂದು ದಾರಿ ಹಿಡಿದಿದ್ದಾರೆ. ಸಂಸ್ಥಾನಗಳು ತಮ್ಮತಮ್ಮಲ್ಲಿ ಒಡಂಬಡಿಕೆ ಮಾಡಿಕೊಂಡು, ತಮ್ಮ ಸಂಸ್ಥಾನದಲ್ಲಿ ಯಾರೇ ಗೆಲ್ಲಲಿ, ಇಡೀ ದೇಶದಲ್ಲಿ ಹೆಚ್ಚು ವೋಟು ಪಡೆದವರಿಗೇ ತಮ್ಮ ನಿರ್ವಾಚಕರನ್ನು ಕೊಡುವೆವೆಂದು ಕಾನೂನು ಮಾಡುವುದು. ಒಡಂಬಟ್ಟ ಸಂಸ್ಥಾನಗಳ ನಿರ್ವಾಚಕರ ಮೊತ್ತ ೨೭೦ನ್ನು ಮುಟ್ಟುವವರೆಗೆ ಅದು ಜಾರಿಗೆ ಬರತಕ್ಕದ್ದಲ್ಲ. ತಾನೊಬ್ಬನೇ ಮೊದಲು ಕೈಸುಟ್ಟುಕೊಳ್ಳುವ ಅಂಜಿಕೆಗೆ ಇದರಲ್ಲಿ ಎಡೆಯಿಲ್ಲ. ೨೦೦೭ರಲ್ಲಿ ಮೇರಿಲೆಂಡ್ ಮೊದಲು ಸೇರಿತು. ೨೦೨೪ರ ಅಂತ್ಯದ ವೇಳೆಗೆ ಹದಿನೇಳು ಸಂಸ್ಥಾನಗಳೂ ರಾಜಧಾನಿಯೂ ಸೇರಿ ೨೦೯ ಆಗಿದ್ದುವು. ಅವೆಲ್ಲವೂ ಹೆಚ್ಚುಕಡಮೆ ಡೆಮಾಕ್ರಟಿಕ್ ಪಕ್ಷದ ಕಡೆ ಒಲಿದ ಸಂಸ್ಥಾನಗಳೇ. ಹೀಗೆ ಒಡಂಬಡಲು ಕಾಂಗ್ರೆಸ್ಸಿನ ಅಪ್ಪಣೆ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ನ್ಯಾಯಾಲಯವು ತೀರ್ಮಾನಿಸಬೇಕಾದೀತು. ಆ ವ್ಯಾಜ್ಯ ಏಳುವುದು, ಉಳಿದ ನಿರ್ವಾಚಕರನ್ನು ಹೊಂದಿಸಿದ ಮೇಲೆ.